ಹಳೇ ಊರಲ್ಲಿ ಪಾಯ ತೆಗೆಯುವಾಗ ಮಣ್ಣಿನ ಮೇಲೆ ಕಣ್ಣಿಡುವುದು ಹೇಗೆ?

ಹಳೇ ಊರಿನಲ್ಲಿ ದೊಡ್ಡ ಕಟ್ಟಡ ಏಳುವಾಗ ಎಲ್ಲರ ಕಣ್ಣೂ ಅದರ ಮೇಲಿರುತ್ತದೆ. ಅನುಮತಿ ಬೇಕು, ಸಮೀಕ್ಷೆ ಆಗಬೇಕು, ಪೇಪರಿನಲ್ಲೂ ಸುದ್ದಿ ಬರುತ್ತದೆ. ಆದರೆ ಮನೆ ಹಿಂದೆ ಒಂದು ಬಚ್ಚಲು ಸೇರಿಸಲು ತೆಗೆಯುವ ಪಾಯ, ಕಾಂಪೌಂಡ್ ಗೋಡೆಗೆ ಅಗೆಯುವ ಟ್ರೆಂಚ್, ಒಳಚರಂಡಿ ಪೈಪಿನ ಗುಂಡಿ, ಇವನ್ನೆಲ್ಲ ಯಾರು ನೋಡುತ್ತಾರೆ? ಬೆಳಿಗ್ಗೆ ಅಗೆದು ಸಂಜೆಗೆ ಕಾಂಕ್ರೀಟ್ ಸುರಿದರೆ ಕೆಲಸ ಮುಗೀತು. ಊರಿನ ತುಂಬಾ ಇಂಥ ಗುಂಡಿಗಳು ಬೀಳುತ್ತಲೇ ಇರುತ್ತವೆ. ನೆಲದಡಿಯ ಚರಿತ್ರೆ ಸದ್ದಿಲ್ಲದೆ ಕರಗಿಹೋಗುವುದು ಇವುಗಳಿಂದಲೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಸಣ್ಣ ಗುಂಡಿಯಲ್ಲಿ ಏನಿರುತ್ತೆ ಅಂತ ಕೇಳುವವರಿಗೆ ಮೆಕ್ಸಿಕೊ ನಗರದ ಕಥೆ ಹೇಳಬೇಕು. 1978ರ ಫೆಬ್ರುವರಿಯಲ್ಲಿ ಅಲ್ಲಿನ ವಿದ್ಯುತ್ ಕಂಪನಿಯ ಕೆಲಸಗಾರರು ರಸ್ತೆ ಮೂಲೆಯಲ್ಲಿ ಅಗೆಯುತ್ತಿದ್ದಾಗ ಕೆತ್ತನೆಯ ಕಲ್ಲೊಂದು ತಗುಲಿತು. ಸುಮಾರು 3.25 ಮೀಟರ್ ಅಗಲದ ದುಂಡು ಕಲ್ಲು, ಅದರ ಮೇಲೆ ಸ್ಪೇನಿನವರು ಬರುವ ಮುಂಚೆ ಅಲ್ಲಿ ಆಳುತ್ತಿದ್ದ ಆಜ್ಟೆಕ್ ಜನರ ದೇವತೆ ಕೊಯೋಲ್ಶೌಕಿ. ಕೆಲಸ ನಿಲ್ಲಿಸಿ ತಿಳಿದವರಿಗೆ ಹೇಳಿ ಕಳಿಸಿದರು. ಅಲ್ಲಿಂದ ಶುರುವಾದ ಉತ್ಖನನದಲ್ಲಿ ಆಜ್ಟೆಕರ ಮಹಾ ದೇವಾಲಯವೇ ನಗರದ ನಡುವೆ ಹೊರಬಂತು.

ಎಲ್ಲರ ಹಿತ್ತಲಲ್ಲೂ ದೇವಾಲಯ ಸಿಗುವುದಿಲ್ಲ, ನಿಜ. ಹೆಚ್ಚಾಗಿ ಸಿಗುವುದು ಹಳೇ ನೆಲಗಟ್ಟು, ಬೂದಿ, ಮಡಕೆ ಚೂರು, ಮುಚ್ಚಿಹೋದ ಬಾವಿ. ಊರು ಎಲ್ಲಿಂದ ಎಲ್ಲಿಗೆ ಬೆಳೆಯಿತು, ಯಾವಾಗ ಸುಟ್ಟಿತು, ಯಾವಾಗ ಮತ್ತೆ ಕಟ್ಟಿದರು ಎಂದು ಹೇಳುವುದು ಇವೇ. ಇದಕ್ಕಾಗಿ ಕಟ್ಟಡ ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ಮಣ್ಣನ್ನು ಗಮನಿಸುತ್ತಾ ದಾಖಲೆ ಮಾಡುವುದನ್ನು ಪುರಾತತ್ವ ನಿಗಾ ಎನ್ನಬಹುದು. ಇದು ಉತ್ಖನನ ಅಲ್ಲ. ಉತ್ಖನನದಲ್ಲಿ ಎಲ್ಲಿ ಅಗೆಯಬೇಕು, ಎಷ್ಟು ನಿಧಾನ ಅಗೆಯಬೇಕು ಎಂದು ನಾವೇ ನಿರ್ಧರಿಸುತ್ತೇವೆ. ಇಲ್ಲಿ ಅದನ್ನು ಕಟ್ಟಡದ ಪ್ಲಾನ್ ನಿರ್ಧರಿಸುತ್ತದೆ, ನಮಗೆ ಸಿಕ್ಕ ಸಮಯದಲ್ಲಿ ಸಿಕ್ಕಷ್ಟನ್ನು ಓದಬೇಕು.

ಗುದ್ದಲಿ ಬೀಳುವ ಮುಂಚೆ

ಮೊದಲು ಜಾಗದ ಹಳೇ ನಕ್ಷೆಗಳನ್ನು ಹುಡುಕಿ. ಹಳೇ ಫೋಟೊ, ಆಸ್ತಿ ಪತ್ರ, ಸುತ್ತಮುತ್ತ ಹಿಂದೆ ಏನಾದರೂ ಸಿಕ್ಕಿದ್ದರೆ ಅದರ ವರದಿ, ಎಲ್ಲವೂ ಬೇಕು. ವಯಸ್ಸಾದವರನ್ನು ಕೇಳಿದರೆ ಬಾವಿ ಎಲ್ಲಿತ್ತು, ಯಾವ ಗೋಡೆ ಬಿತ್ತು, ಎಲ್ಲಿ ಮಣ್ಣು ತುಂಬಿಸಿದರು ಎಂದು ನಕ್ಷೆಯಲ್ಲಿ ಇಲ್ಲದ್ದನ್ನೂ ಹೇಳುತ್ತಾರೆ. ಈಗಾಗಲೇ ನೀರಿನ ಪೈಪು, ಕೇಬಲ್ ಹಾಕಿ ಕದಡಿದ ಜಾಗ ಯಾವುದು ಅನ್ನುವುದನ್ನೂ ಗುರುತು ಮಾಡಿಕೊಳ್ಳಿ. ಹೊಸ ಪೈಪನ್ನು ಹಳೇ ಪೈಪಿನ ಗುಂಡಿಯಲ್ಲೇ ಹಾಕಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅಲ್ಲಿ ಹಾಳಾಗಬೇಕಾದದ್ದು ಆಗಲೇ ಹಾಳಾಗಿರುತ್ತದೆ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ. ಯುರೋಪಿನ ದೇಶಗಳು 1992ರಲ್ಲಿ ಮಾಲ್ಟಾದ ವಲ್ಲೆಟ್ಟಾದಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ನೆಲದಡಿಯ ಪರಂಪರೆಯನ್ನು ಕಟ್ಟಡದ ಯೋಜನೆ ಹಾಕುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿಮ್ಮ ಜಾಗಕ್ಕೆ ಯಾವ ನಿಯಮ ಅನ್ನುವುದನ್ನು ಅಲ್ಲಿನ ಪುರಾತತ್ವ ಇಲಾಖೆಯಲ್ಲಿ ಕೆಲಸ ಶುರುವಾಗುವ ಮುಂಚೆಯೇ ಕೇಳಿ. ಗುಂಡಿ ತೆಗೆದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಆಮೇಲೆ ಒಂದು ಮಾತುಕತೆ. ಮನೆ ಮಾಲೀಕರು, ಎಂಜಿನಿಯರ್, ಮೇಸ್ತ್ರಿ, ಯಂತ್ರ ಓಡಿಸುವವರು ಎಲ್ಲರೂ ಇರಲಿ. ಏನಾದರೂ ಕಂಡರೆ ಕೆಲಸ ನಿಲ್ಲಿಸಿ ಎನ್ನುವ ಅಧಿಕಾರ ಯಾರಿಗೆ? ಎಷ್ಟು ಹೊತ್ತು ನಿಲ್ಲಿಸಬಹುದು? ಆ ಹೊತ್ತಿನ ಖರ್ಚು ಯಾರದು? ಈ ಮೂರಕ್ಕೂ ಉತ್ತರ ಕಾಗದದ ಮೇಲೆ ಇರಬೇಕು. ಇದು ಇಲ್ಲದಿದ್ದರೆ ಪಾಯದ ಪಕ್ಕದಲ್ಲಿ ಸುಮ್ನೆ ನಿಂತು ನೋಡಬೇಕಾಗುತ್ತದೆ, ಅಷ್ಟೇ. ಮಾಲೀಕರ ಆತಂಕವೂ ನ್ಯಾಯವಾದದ್ದೇ. ಸಾಲ ಮಾಡಿ ಕಟ್ಟಿಸುತ್ತಿರುತ್ತಾರೆ, ಕೆಲಸ ಎಲ್ಲಿ ನಿಂತುಹೋಗುತ್ತೋ ಎಂಬ ಭಯ ಇರುತ್ತದೆ. ಹೆಚ್ಚಿನ ಕಡೆ ಬೇಕಾಗುವುದು ಫೋಟೊ ಮತ್ತು ಅಳತೆಗೆ ಒಂದಷ್ಟು ಸಮಯ ಮಾತ್ರ ಎಂದು ಮೊದಲೇ ಬಿಡಿಸಿ ಹೇಳಿ.

ಯಂತ್ರದ ಪಕ್ಕದಲ್ಲಿ

ಜೆಸಿಬಿ ಬಂದರೆ ಮೊದಲು ನೋಡಬೇಕಾದ್ದು ಅದರ ಬಕೆಟ್. ಹಲ್ಲಿರುವ ಬಕೆಟ್ ಮಣ್ಣನ್ನು ಉತ್ತು ಹಾಕುತ್ತದೆ, ಪದರ ಕಲಸಿಹೋಗುತ್ತದೆ. ಹಲ್ಲಿಲ್ಲದ, ನೇರ ಅಂಚಿನ ಬಕೆಟ್ ಹಾಕಿಸಿ. ಅದು ನೆಲವನ್ನು ಹೆರೆದ ಹಾಗೆ ನಯವಾಗಿ ಬಿಡುತ್ತದೆ, ಬಣ್ಣದ ವ್ಯತ್ಯಾಸ ತಕ್ಷಣ ಕಾಣುತ್ತದೆ. ಒಂದು ಸಲಕ್ಕೆ ಹತ್ತು ಸೆಂಟಿಮೀಟರಿಗಿಂತ ಜಾಸ್ತಿ ಇಳಿಸಬಾರದು. ಯಂತ್ರ ಹಿಂದೆ ಹಿಂದೆ ಸರಿಯುತ್ತಾ ಅಗೆಯಬೇಕು, ಈಗಷ್ಟೇ ತೆರೆದ ನೆಲದ ಮೇಲೆ ಚಕ್ರ ಹತ್ತಬಾರದು.

ನೀವು ನಿಲ್ಲಬೇಕಾದ್ದು ಆಪರೇಟರಿಗೆ ಕಾಣುವ ಕಡೆ, ಯಂತ್ರದ ತೋಳು ತಿರುಗುವ ವ್ಯಾಪ್ತಿಯಿಂದ ಆಚೆ. ಕೈ ಎತ್ತಿದರೆ ನಿಲ್ಲಿಸಬೇಕು, ಆ ಸನ್ನೆಯನ್ನು ಮೊದಲೇ ಮಾತಾಡಿಕೊಳ್ಳಿ. ಯಂತ್ರ ನಿಂತ ಮೇಲೇ ಗುಂಡಿ ಹತ್ತಿರ ಹೋಗುವುದು.

ಆಪರೇಟರನ್ನು ನಿಮ್ಮವರನ್ನಾಗಿ ಮಾಡಿಕೊಳ್ಳಿ. ಇದು ಔಪಚಾರಿಕ ಮಾತಲ್ಲ. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟಿನಲ್ಲಿ 1976ರಿಂದ 1981ರವರೆಗೆ ದೊಡ್ಡ ಉತ್ಖನನ ನಡೆಯಿತು, ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದ ವೈಕಿಂಗರ ಕಾಲದ ಬೀದಿ, ಮನೆ ಎಲ್ಲ ಸಿಕ್ಕಿದವು. ಉತ್ಖನನ ಮುಗಿದು ಕಟ್ಟಡ ಕೆಲಸ ಶುರುವಾದ ಮೇಲೆ, 1982ರ ಮೇ ತಿಂಗಳಲ್ಲಿ, ಯಂತ್ರ ಓಡಿಸುತ್ತಿದ್ದವರಿಗೆ ಬಕೆಟ್ ಯಾವುದಕ್ಕೋ ತಗುಲಿದ್ದು ಗೊತ್ತಾಯಿತು. ಕಲ್ಲಿರಬೇಕು ಎಂದು ಮುಂದುವರಿಸಬಹುದಿತ್ತು. ಅವರು ನಿಲ್ಲಿಸಿ ನೋಡಿದರು. ಮಣ್ಣಲ್ಲಿದ್ದದ್ದು ಎಂಟನೇ ಶತಮಾನದ ಕಬ್ಬಿಣದ ಶಿರಸ್ತ್ರಾಣ, ಹಿತ್ತಾಳೆ ಪಟ್ಟಿಯ ಅಲಂಕಾರ ಸಮೇತ. ಬ್ರಿಟನ್ನಿನಲ್ಲಿ ಆ ಕಾಲದ ಇಂಥ ಶಿರಸ್ತ್ರಾಣಗಳು ಬೆರಳೆಣಿಕೆಯಷ್ಟೇ ಉಳಿದಿವೆ. ಇದು ಉಳಿದದ್ದು ಯಂತ್ರ ಓಡಿಸುವ ಒಬ್ಬರ ಎಚ್ಚರದಿಂದ.

ಕೈಯಲ್ಲಿ ಅಗೆಯುವ ಕಡೆ ಕೂಲಿಯವರ ವಿಷಯದಲ್ಲೂ ಇದೇ ಮಾತು. ಹಾರೆ ಹಿಡಿದವರಿಗೆ ಮಣ್ಣಿನ ಬದಲಾವಣೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಗಟ್ಟಿ ಮಣ್ಣು ಇದ್ದಕ್ಕಿದ್ದಂತೆ ಸಡಿಲವಾದರೆ, ಅಲ್ಲಿ ಯಾರೋ ಹಿಂದೆ ಗುಂಡಿ ತೆಗೆದು ಮುಚ್ಚಿದ್ದಾರೆ ಎಂದೇ ಅರ್ಥ ಮಾಡಿಕೊಂಡು ನೋಡಬೇಕು.

ಗುಂಡಿಯ ಗೋಡೆ ಓದುವುದು

ನಿಗಾ ಕೆಲಸದ ಜೀವಾಳ ಇದೇ. ಎಲ್ಲರೂ ಗುಂಡಿಯ ತಳ ನೋಡುತ್ತಾರೆ, ಮೇಲೆ ಬಂದ ಮಣ್ಣಲ್ಲಿ ಏನಿದೆ ಎಂದು ಕೆದಕುತ್ತಾರೆ. ನೀವು ಮೊದಲು ನೋಡಬೇಕಾದ್ದು ಗುಂಡಿಯ ಪಕ್ಕದ ಗೋಡೆಯನ್ನು. ಕರಣೆಯಿಂದ ಅದನ್ನು ಮೇಲಿಂದ ಕೆಳಗೆ ಹೆರೆದು ಚೊಕ್ಕ ಮಾಡಿ. ಒಣಗಿದ್ದರೆ ಸ್ವಲ್ಪ ನೀರು ಚಿಮುಕಿಸಿ. ಬಣ್ಣಗಳು ಎದ್ದು ಬರುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಲ್ಲಕ್ಕಿಂತ ಮೇಲೆ ಸಿಮೆಂಟ್, ಅದರ ಕೆಳಗೆ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಸೇರಿದ ತುಂಬು ಮಣ್ಣು. ಅದರಡಿ ಕಪ್ಪಗಿನ ಮಣ್ಣು, ನಡುನಡುವೆ ಬೂದಿ. ಇನ್ನೂ ಕೆಳಗೆ ಬೆರಳು ದಪ್ಪದ ಬಿಳಿ ಗೆರೆ, ಅಂದರೆ ಸುಣ್ಣದ ಗಾರೆ ಹಾಕಿದ ಹಳೇ ನೆಲ. ಕೊನೆಗೆ ಯಾರೂ ಮುಟ್ಟದ ಗಟ್ಟಿ ಕೆಮ್ಮಣ್ಣು. ಆದರೆ ಬಿಳಿ ಗೆರೆ ಒಂದು ಕಡೆ ತಟ್ಟನೆ ತುಂಡಾಗಿದೆ. ಅಲ್ಲಿ ಕಪ್ಪು ಮಣ್ಣು ಬಟ್ಟಲಿನ ಆಕಾರದಲ್ಲಿ ಕೆಮ್ಮಣ್ಣಿನೊಳಗೆ ಇಳಿದಿದೆ. ನೆಲ ಹಾಕಿದ ಮೇಲೆ ಯಾರೋ ಅದನ್ನು ಒಡೆದು ಗುಂಡಿ ತೋಡಿದ್ದಾರೆ, ಆಮೇಲೆ ಅದು ತುಂಬಿದೆ. ಈಗ ನೋಡಿ, ಆ ಗುಂಡಿಯೊಳಗಿನ ಮಡಕೆ ಚೂರು ಗಾರೆ ನೆಲಕ್ಕಿಂತ ಆಳದಲ್ಲಿದೆ. ಆದರೂ ಅದು ಅಲ್ಲಿಗೆ ಸೇರಿದ್ದು ನೆಲ ಹಾಕಿದ ನಂತರ. ಆಳ ಜಾಸ್ತಿ ಇದ್ದರೆ ಹಳೆಯದು ಎಂದು ಸುಮ್ನೆ ಲೆಕ್ಕ ಹಾಕುವವರು ತಪ್ಪುವುದು ಇಲ್ಲೇ. ಆ ಗೋಡೆಯನ್ನು ನೋಡದೆ ಚೂರನ್ನು ಮಾತ್ರ ಎತ್ತಿಕೊಂಡರೆ ಇದು ಯಾವತ್ತೂ ಗೊತ್ತಾಗುವುದಿಲ್ಲ, ಅಲ್ವಾ?

ಹಾಗಾಗಿ ಪ್ರತಿ ಪದರಕ್ಕೂ ಒಂದು ನಂಬರ್ ಕೊಡಿ. ತೋಡಿದ ಗುಂಡಿಗೆ ಒಂದು ನಂಬರ್, ಅದರೊಳಗೆ ತುಂಬಿದ ಮಣ್ಣಿಗೆ ಇನ್ನೊಂದು, ಏಕೆಂದರೆ ಅವೆರಡೂ ಬೇರೆ ಬೇರೆ ಕೆಲಸ, ನಡುವೆ ಒಂದು ದಿನ ಕಳೆದಿರಬಹುದು, ನೂರು ವರ್ಷವೂ ಕಳೆದಿರಬಹುದು. ಯಾವುದು ಯಾವುದರ ಮೇಲಿದೆ, ಯಾವುದು ಯಾವುದನ್ನು ಕಡಿದಿದೆ ಎಂದು ಬರೆದಿಡಿ. ಈ ಸಂಬಂಧಗಳನ್ನು ಒಂದು ವಂಶವೃಕ್ಷದ ಹಾಗೆ ಪೆಟ್ಟಿಗೆ, ಗೆರೆಗಳಲ್ಲಿ ತೋರಿಸುವ ಕ್ರಮವನ್ನು ಪುರಾತತ್ವಜ್ಞ ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದರು. ಹ್ಯಾರಿಸ್ ಮ್ಯಾಟ್ರಿಕ್ಸ್ ಎಂಬ ಹೆಸರಿನಲ್ಲಿ ಅದು ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಸಣ್ಣ ಪಾಯಕ್ಕೆ ಅರ್ಧ ಪುಟ ಸಾಕು.

ನಂತರ ಫೋಟೊ. ಅಳತೆ ಪಟ್ಟಿ ಇಡದೆ ತೆಗೆದ ಫೋಟೊ ಅರ್ಧ ಪ್ರಯೋಜನಕ್ಕೆ ಮಾತ್ರ ಬರುತ್ತದೆ. ಉತ್ತರ ದಿಕ್ಕಿನ ಬಾಣ, ಜಾಗದ ಹೆಸರು ಮತ್ತು ತಾರೀಖು ಬರೆದ ಸಣ್ಣ ಹಲಗೆ ಚಿತ್ರದಲ್ಲೇ ಇರಲಿ. ಬಿಸಿಲು ಅರ್ಧಂಬರ್ಧ ಬೀಳುತ್ತಿದ್ದರೆ ಯಾರಾದರೂ ನೆರಳು ಹಿಡಿಯಲಿ. ಫೋಟೊ ಇದ್ದರೂ ಗೋಡೆಯ ಚಿತ್ರವನ್ನು ಗ್ರಾಫ್ ಹಾಳೆಯಲ್ಲಿ ಬರೆಯಲೇಬೇಕು, ಹತ್ತು ಸೆಂಟಿಮೀಟರಿಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ. ಕೈಯಲ್ಲಿ ಬರೆಯುವಾಗ ಕಣ್ಣು ನಿಧಾನವಾಗುತ್ತದೆ, ಕ್ಯಾಮೆರಾಕ್ಕೆ ಸಿಗದ ಗೆರೆ ಸಿಗುತ್ತದೆ. ಆಳವನ್ನು ಅಳೆಯುವಾಗ ರಸ್ತೆ ಮಟ್ಟದಿಂದ ಅಳೆಯಬೇಡಿ. ರಸ್ತೆ ಪ್ರತಿ ಡಾಂಬರಿಗೂ ಏರುತ್ತದೆ. ಪಕ್ಕದ ಹಳೇ ಕಟ್ಟಡದ ಹೊಸ್ತಿಲ ಕಲ್ಲಿನಂಥ ಅಲುಗದ ಗುರುತು ಒಂದನ್ನು ಆರಿಸಿಕೊಳ್ಳಿ.

ಸಿಕ್ಕ ವಸ್ತುಗಳು

ಪದರದ ನಂಬರ್ ಬರೆದ ಚೀಲವೇ ಇಲ್ಲಿ ಮುಖ್ಯ. ಒಂದು ಪದರದ ವಸ್ತುಗಳು ಒಂದು ಚೀಲಕ್ಕೆ, ಕಲಸಬೇಡಿ. ಹೊರಗೆ ಹಾಕಿದ ಮಣ್ಣಿನ ಗುಡ್ಡೆಯಲ್ಲಿ ಸಿಕ್ಕಿದ್ದನ್ನೂ ಇಟ್ಟುಕೊಳ್ಳಿ, ಆದರೆ ಗುಡ್ಡೆಯಿಂದ ಎಂದೇ ಬರೆಯಿರಿ.

ಬಣ್ಣ ಮಾಸಿದ ಮಡಕೆ ಚೂರಿಗೆ ಇಷ್ಟೊಂದು ಮರ್ಯಾದೆ ಯಾಕೆ? ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ 1945ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ಮಾಡಿದಾಗ ಇಟಲಿಯಲ್ಲಿ ತಯಾರಾದ ಅರೆಟೈನ್ ಎಂಬ ಕೆಂಪು ಪಾತ್ರೆಗಳ ಚೂರು ಸಿಕ್ಕವು. ಅವು ಯಾವ ಕಾಲದವು ಎಂದು ಯುರೋಪಿನಲ್ಲಿ ಮೊದಲೇ ಗೊತ್ತಿತ್ತು. ಅದರ ಆಧಾರದ ಮೇಲೆ ಅಲ್ಲಿ ಸಿಕ್ಕ, ಒಳಗೆ ಚುಕ್ಕಿ ವೃತ್ತಗಳಿರುವ ಇನ್ನೊಂದು ಬಗೆಯ ಪಾತ್ರೆಯ ಕಾಲ ತಿಳಿಯಿತು. ಅದೇ ಬಗೆಯ ಚೂರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಸಿಕ್ಕಾಗ, ವ್ಹೀಲರ್ ಅಲ್ಲಿನ ಪದರಗಳ ಕಾಲವನ್ನು ಲೆಕ್ಕ ಹಾಕಿದ್ದು ಅದರಿಂದಲೇ. ಚೂರು ಯಾವ ಪದರದ್ದು ಎಂದು ಬರೆದಿರದಿದ್ದರೆ ಇದೆಲ್ಲ ಸಾಧ್ಯವಿರಲಿಲ್ಲ.

ನಾಣ್ಯ ಸಿಕ್ಕರೆ ಉಜ್ಜಬೇಡಿ, ತೊಳೆಯಬೇಡಿ. ಲೋಹವನ್ನು ಒಣಗಿದ ಹಾಗೆ ಇಡಿ. ಆದರೆ ಒದ್ದೆ ಕೆಸರಲ್ಲಿ ಸಿಕ್ಕ ಮರ, ಚರ್ಮ ಇದಕ್ಕೆ ತದ್ವಿರುದ್ಧ. ಒಣಗಿದರೆ ಸೀಳಿ ಮುದುಡಿಹೋಗುತ್ತವೆ, ನೀರಲ್ಲೇ ಇಟ್ಟು ತಜ್ಞರಿಗೆ ತಲುಪಿಸಿ. ಇದ್ದಿಲನ್ನು ಅದರ ಕಾಲ ತಿಳಿಯುವ ಕಾರ್ಬನ್ ಪರೀಕ್ಷೆಗೆ ಕಳಿಸಬಹುದು, ಕೈ ತಾಗಿಸದೆ ಚೊಕ್ಕ ಕರಣೆಯಿಂದ ಎತ್ತಿ ಫಾಯಿಲ್ ಹಾಳೆಯಲ್ಲಿ ಸುತ್ತಿ. ಸಿಕ್ಕಿದ್ದು ಯಾರಿಗೆ ಸೇರುತ್ತದೆ ಎಂಬುದನ್ನು ಕಾನೂನು ಹೇಳುತ್ತದೆ. ಮನೆಗೆ ಒಯ್ಯುವ ಮಾತು ಯಾರಿಗೂ ಇಲ್ಲ, ನಿಮಗೂ ಇಲ್ಲ.

ಮೂಳೆ ಕಂಡರೆ

ಮನುಷ್ಯರ ಮೂಳೆ ಎಂಬ ಅನುಮಾನ ಬಂದ ಕ್ಷಣವೇ ಕೆಲಸ ನಿಲ್ಲಿಸಿ. ಎತ್ತಬೇಡಿ, ಮುಚ್ಚಿಡಿ. ಪೊಲೀಸರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಹಳೆಯದೋ ಈಚಿನದೋ ಎಂದು ನಿರ್ಧರಿಸುವುದು ನಿಮ್ಮ ಕೆಲಸ ಅಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ಗ್ರೂಪುಗಳಿಗೆ ಹಾಕುವುದನ್ನು ದಯವಿಟ್ಟು ತಡೆಯಿರಿ. ಅದು ಯಾರದೋ ಮನೆಯವರ ದೇಹ.

ಜೀವ ಮೊದಲು

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗಬಹುದು. ಕುಸಿದರೆ ಎದೆ ಮಟ್ಟಕ್ಕೆ ಹೂತರೂ ಉಸಿರಾಡಲು ಆಗದೇ ಹೋಗಬಹುದು. ಸೊಂಟ ಮಟ್ಟ ದಾಟಿದ, ಪಕ್ಕಕ್ಕೆ ಆಸರೆ ಕೊಡದ ಗುಂಡಿಗೆ ಇಳಿಯಲೇಬೇಡಿ, ಎಂಥ ಪದರ ಕಾಣುತ್ತಿದ್ದರೂ ಸರಿ. ಮೇಲಿಂದಲೇ ಫೋಟೊ ತೆಗೆದು, ಟೇಪು ಇಳಿಬಿಟ್ಟು ಅಳೆಯಿರಿ. ಅಗೆದ ಮಣ್ಣನ್ನು ಗುಂಡಿಯ ಅಂಚಿನಿಂದ ಕನಿಷ್ಠ ಎರಡು ಅಡಿ ಆಚೆ ಹಾಕಿಸಿ. ಮಳೆ ಬಂದ ಮರುದಿನ ಇನ್ನೂ ಎಚ್ಚರ ಬೇಕು.

ಏನೂ ಸಿಗದಿದ್ದರೆ?

ಅದನ್ನೂ ಬರೆಯಿರಿ. ಇಲ್ಲಿ ಎರಡು ಮೀಟರ್ ಅಗೆದರೂ ಬರೀ ಕೆಮ್ಮಣ್ಣು ಅಂದರೆ ಹಳೇ ಊರು ಇಲ್ಲಿಯವರೆಗೆ ಬಂದಿರಲಿಲ್ಲ ಎಂದಿರಬಹುದು, ಅಥವಾ ಯಾರೋ ಮೊದಲೇ ಎಲ್ಲ ಕೆರೆದು ತೆಗೆದಿರಬಹುದು. ಯಾವುದು ಎಂದು ಪಕ್ಕದ ಇನ್ನೆರಡು ಮೂರು ಪಾಯಗಳ ದಾಖಲೆ ಜೊತೆಗಿಟ್ಟಾಗ ತಿಳಿಯುತ್ತದೆ. ಒಂಟಿ ಗುಂಡಿ ಹೇಳುವುದು ಕಡಿಮೆ, ಒಂದೇ ಬೀದಿಯ ಹಲವು ಗುಂಡಿಗಳು ಒಟ್ಟಾದಾಗ ಕೋಟೆ ಗೋಡೆ ಎಲ್ಲಿ ಹಾದಿತ್ತು, ಹಳೇ ರಸ್ತೆ ಎಷ್ಟು ಕೆಳಗಿತ್ತು ಎಂದು ಗೊತ್ತಾಗುತ್ತದೆ.

ವರದಿ ಉದ್ದ ಇರಬೇಕಾಗಿಲ್ಲ. ಜಾಗದ ನಕ್ಷೆ, ಎರಡು ಕಾಯಂ ಗುರುತುಗಳಿಂದ ಗುಂಡಿಗೆ ಇರುವ ದೂರ, ಪದರಗಳ ಪಟ್ಟಿ, ಗೋಡೆಯ ಚಿತ್ರ, ಫೋಟೊ, ಸಿಕ್ಕ ವಸ್ತು ಎಲ್ಲಿ ಇಟ್ಟಿದೆ ಎಂಬ ವಿವರ, ಇಷ್ಟು ಇದ್ದರೆ ಸಾಕು. ಒಂದು ಪ್ರತಿ ಪುರಾತತ್ವ ಇಲಾಖೆಗೆ, ಒಂದು ಊರಿನ ಮ್ಯೂಸಿಯಂ ಅಥವಾ ಗ್ರಂಥಾಲಯಕ್ಕೆ, ಒಂದು ಮಾಲೀಕರ ಕೈಗೆ. ಬರೆಯುವುದನ್ನು ಮುಂದೂಡಬೇಡಿ. ಯಾವ ಚೀಲ ಯಾವ ಪದರದ್ದು ಎಂಬ ಅನುಮಾನ ಬಂದರೆ ಎದ್ದು ಹೋಗಿ ನೋಡಲು ಆ ಗುಂಡಿ ಇರುವುದಿಲ್ಲ, ಹಾಗಾಗಿ ಅಗೆತ ನಡೆದ ವಾರದಲ್ಲೇ ಕೂತು ಮುಗಿಸಿಬಿಡಿ.