ಅಪ್ಪನ ಜರ್ಸಿ ಘಟಕ ನನ್ನ ಕೈಗೆ ಬಂದಾಗ

ಮೈಸೂರಿನಲ್ಲಿ ಅಪ್ಪ ಕಟ್ಟಿದ ಕ್ರೀಡಾ ಉಡುಪಿನ ಘಟಕವನ್ನು ಈಗ ನಾನು ನಡೆಸುತ್ತಿದ್ದೇನೆ. ಶಾಲೆಗಳ ಪಿಟಿ ಡ್ರೆಸ್, ಟ್ರ್ಯಾಕ್ ಸೂಟ್, ಕಬಡ್ಡಿ, ಹಾಕಿ, ಕ್ರಿಕೆಟ್ ಜರ್ಸಿ ನಮ್ಮ ಕೆಲಸ. ಜವಾಬ್ದಾರಿ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಅಪ್ಪನ ಜೊತೆ ಕೂತು ಯಾರದು ಏನು ಅಂತ ಹಂಚಿಕೊಂಡದ್ದು. ಬಟ್ಟೆ ಖರೀದಿ ಅವರದು. ಆರ್ಡರ್, ರೇಟು, ವಸೂಲಿ ನನ್ನದು. ಒಬ್ಬರ ವಿಷಯಕ್ಕೆ ಇನ್ನೊಬ್ಬರು ಟೈಲರ್‌ಗಳ ಮುಂದೆ ಬಾಯಿ ಹಾಕುವಂತಿಲ್ಲ. ತಕರಾರಿದ್ದರೆ ಮನೆಯಲ್ಲಿ, ಊಟ ಆದ ಮೇಲೆ. ಇಬ್ಬರು ಎರಡು ಥರ ಹೇಳಿದರೆ ಕಟಿಂಗ್ ಮಾಸ್ಟರ್ ಯಾರ ಮಾತು ಕೇಳಬೇಕು? ಮನೆ ವ್ಯವಹಾರಗಳು ಕೆಡುವುದು ಹೆಚ್ಚಾಗಿ ಇಲ್ಲೇ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಬಟ್ಟೆಯನ್ನು ಅಪ್ಪನಿಗೆ ಬಿಡಲು ಕಾರಣ ಇದೆ. ನಿಟ್ ಬಟ್ಟೆ, ಅಂದರೆ ಟೀ ಶರ್ಟಿನಂಥ ಹೆಣೆದ ಬಟ್ಟೆ, ನಮಗೆ ಸಿಗುವುದು ಕಿಲೋ ಲೆಕ್ಕದಲ್ಲಿ. 160 ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ 160 ಗ್ರಾಂ ತೂಗಬೇಕು. ಆಗ ಕಿಲೋಗೆ 6.25 ಚದರ ಮೀಟರ್ ಬರುತ್ತದೆ. ಅದೇ 180 ಬಂತು ಅಂದರೆ ಸುಮಾರು 5.5. ದುಡ್ಡು ಅಷ್ಟೇ, ಜರ್ಸಿ ಕಡಿಮೆ. 140 ಬಂದರೆ ಜರ್ಸಿ ಜಾಸ್ತಿ ಆಗುತ್ತವೆ, ಆದರೆ ಬೆವರಿದಾಗ ಮೈ ಕಾಣುತ್ತದೆ. ಅಪ್ಪ ರೋಲಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ಹೇಳಿಬಿಡುತ್ತಾರೆ. ನನಗೆ ಅದು ಬರುವುದಿಲ್ಲ, ಹಾಗಾಗಿ ಜಿಎಸ್‌ಎಂ ಕಟರ್ ತಂದೆ. ಅದು 100 ಚದರ ಸೆಂಟಿಮೀಟರಿನ ದುಂಡನೆ ತುಂಡು ಕತ್ತರಿಸಿ ಕೊಡುತ್ತದೆ. ಅದರ ತೂಕವನ್ನು ಗ್ರಾಂನಲ್ಲಿ ನೋಡಿ ನೂರರಿಂದ ಗುಣಿಸಿದರೆ ಆಯಿತು. ಮೊದಲು ಅಪ್ಪ ಬೆರಳಲ್ಲಿ ಹೇಳಬೇಕು, ಆಮೇಲೆ ತಕ್ಕಡಿ. ಆ ತುಂಡನ್ನು ರಿಜಿಸ್ಟರಿಗೆ ಅಂಟಿಸಿ, ಪಕ್ಕದಲ್ಲಿ ಅಪ್ಪನ ಮಾತನ್ನೂ ಬರೆಯುತ್ತೇನೆ: ‘ನಾಲ್ಕು ಸಲ ಒಗೆದ್ರೆ ಗಂಟು ಏಳುತ್ತೆ’, ‘ಮಕ್ಕಳಿಗೆ ಬೇಡ, ಚುಚ್ಚುತ್ತೆ’. ಅವರ ತಲೆಯಲ್ಲಿರುವುದು ಹೀಗೆ ಸ್ವಲ್ಪ ಸ್ವಲ್ಪವೇ ಕಾಗದಕ್ಕೆ ಇಳಿಯುತ್ತಿದೆ.

ದೊಡ್ಡ ಬದಲಾವಣೆ ಆದದ್ದು ಪ್ರಿಂಟಿಂಗಿನಲ್ಲಿ. ಅಪ್ಪನ ಕಾಲದ್ದು ಸ್ಕ್ರೀನ್ ಪ್ರಿಂಟ್. ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್, ಅಂದರೆ ಬಣ್ಣ ಇಳಿಸುವ ಜಾಲರಿ ಚೌಕಟ್ಟು, ಮಾಡಬೇಕು. ಒಂದೇ ಲೋಗೋದ ನೂರಾರು ಪಿಟಿ ಶರ್ಟಿಗೆ ಅದೇ ಅಗ್ಗ, ಈಗಲೂ ಹಾಗೇ ಮಾಡುತ್ತೇವೆ. ಆದರೆ ಕೊಡಗಿನ ಹಾಕಿ ಆರ್ಡರಿಗೆ ಅದು ನಡೆಯುವುದಿಲ್ಲ. 1997ರಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡ. 2024ರಲ್ಲಿ 360 ಮನೆತನಗಳು ಹೆಸರು ಕೊಟ್ಟಿದ್ದವು. ಒಂದೇ ತಂಡದಲ್ಲಿ ಹೈಸ್ಕೂಲ್ ಹುಡುಗ, ಅವನ ಚಿಕ್ಕಮ್ಮ, ತಲೆ ನರೆತ ದೊಡ್ಡಪ್ಪ ಎಲ್ಲರೂ ಇರುತ್ತಾರೆ. ಅಳತೆ ಬೇರೆ, ಹೆಸರು ಬೇರೆ, ನಂಬರ್ ಬೇರೆ. ಇದಕ್ಕೆ ಸಬ್ಲಿಮೇಶನ್ನೇ ಸರಿ ಅಂತ ಅಪ್ಪನನ್ನು ಒಪ್ಪಿಸಿದೆ. ವಿನ್ಯಾಸವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಬಿಳಿ ಪಾಲಿಯೆಸ್ಟರ್ ಮೇಲಿಟ್ಟು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ನಿಮಿಷದಷ್ಟು ಹೊತ್ತು ಒತ್ತುತ್ತೇವೆ. ಬಣ್ಣ ಆವಿಯಾಗಿ ನೂಲಿನೊಳಕ್ಕೆ ಇಳಿಯುತ್ತದೆ. ಸಿಪ್ಪೆ ಏಳುವುದಿಲ್ಲ, ಬಟ್ಟೆಯ ತೂತು ಮುಚ್ಚುವುದೂ ಇಲ್ಲ. ಹತ್ತಿ ಬಟ್ಟೆಗೆ ಮಾತ್ರ ಹಿಡಿಯುವುದಿಲ್ಲ.

ಆದರೆ ಶಾಖಕ್ಕೆ ಬಟ್ಟೆ ಕುಗ್ಗುತ್ತದಲ್ವಾ? ನಮ್ಮ ಮಾಸ್ಟರ್ ಅಪ್ಪನ ಜೊತೆ ಮೊದಲಿಂದ ಇದ್ದವರು, ಬಟ್ಟೆ ಕತ್ತರಿಸಲು ಅಳತೆಗೆ ಇಡುವ ಅವರ ರಟ್ಟಿನ ಪ್ಯಾಟರ್ನ್ ಗೋಡೆ ತುಂಬ ನೇತಾಡುತ್ತಿವೆ. “ಎಷ್ಟು ಕುಗ್ಗುತ್ತೆ ಅಂತ ಹೇಳಿ ಮೇಡಂ, ಆಮೇಲೆ ಕತ್ತರಿ ಹಾಕ್ತೀನಿ” ಅಂದರು. ನ್ಯಾಯವಾದ ಮಾತು. ಈಗ ಪ್ರತಿ ರೋಲಿನಿಂದ ಒಂದು ತುಂಡು ತೆಗೆದು ಅದರ ಮೇಲೆ 50 ಸೆಂಟಿಮೀಟರ್ ಚೌಕ ಬರೆಯುತ್ತೇವೆ. ಪ್ರೆಸ್ ಮಾಡಿ, ಉದ್ದ, ಅಗಲ ಎರಡನ್ನೂ ಮತ್ತೆ ಅಳೆದು ರೋಲಿನ ಚೀಟಿಯಲ್ಲಿ ಬರೆಯುತ್ತೇವೆ. ಮಾಸ್ಟರ್ ಆ ಲೆಕ್ಕ ನೋಡಿ ಪ್ಯಾಟರ್ನಿಗೆ ಅಷ್ಟು ಸೇರಿಸಿಕೊಂಡು ಕತ್ತರಿಸುತ್ತಾರೆ.

ವಸೂಲಿಯಲ್ಲಿ ಅಪ್ಪನ ಮೃದು ಸ್ವಭಾವಕ್ಕೂ ನನಗೂ ಬಹಳ ಜಗ್ಗಾಟ ಆಯಿತು. ಉದ್ರಿ ಪುಸ್ತಕ ದಪ್ಪ ಇತ್ತು. ನಾನು ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ, ಆ ನಂಬರನ್ನು ಬಿಲ್ಲಿನ ಮೇಲೆ ಹಾಕಿಸಿದೆ. ಕಿರು, ಸಣ್ಣ ಘಟಕದಿಂದ ಮಾಲು ತಗೊಂಡವರು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ ಕಾನೂನಿದೆ. ಹಳೇ ಗಿರಾಕಿಗಳಿಗೆ ಅಪ್ಪನೇ ಫೋನ್ ಮಾಡಿ ಹೇಳಿದರು. ಅವರ ಬಾಯಲ್ಲಿ ಬಂದದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಹೆಸರು, ನಂಬರ್ ಹಾಕುವ ಜರ್ಸಿಗೆ ಅರ್ಧ ಹಣ ಮುಂಗಡ. ಯಾಕಂದರೆ ಅದನ್ನು ಇನ್ನೊಬ್ಬರಿಗೆ ಮಾರಲು ಆಗುವುದಿಲ್ಲ.

ಇನ್ನೊಂದು ವಿಷಯ ಬಿಡುವಂತಿಲ್ಲ. ನಮ್ಮ ಧಂದೆಯವರಿಗೆಲ್ಲ ಜರ್ಮನಿಯ ಡಾಸ್ಲರ್ ಅಣ್ಣತಮ್ಮಂದಿರ ಕತೆ ಗೊತ್ತಿರುತ್ತದೆ. ಜಗಳವಾಡಿ ಬೇರೆಯಾಗಿ ಒಂದೇ ಊರಲ್ಲಿ ಅಡಿಡಾಸ್, ಪೂಮಾ ಕಟ್ಟಿದರು. ಮುಂದೆ ಮಕ್ಕಳ ಕಾಲ ಬಂತು. 1990ರ ಹೊತ್ತಿಗೆ ಎರಡರಲ್ಲೂ ಕುಟುಂಬದ ಹಿಡಿತ ತಪ್ಪಿತ್ತು. ನನ್ನ ತಮ್ಮ ಪುಣೆಯಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಹಾಗಂತ ಅವನ ಪಾಲನ್ನು ಬಾಯಿಮಾತಿಗೆ ಬಿಡಲಿಲ್ಲ. ಕಟ್ಟಡ ಬೇರೆ, ವ್ಯವಹಾರ ಬೇರೆ ಅಂತ ಬರೆಸಿದೆವು. ಕಟ್ಟಡಕ್ಕೆ ಘಟಕ ಬಾಡಿಗೆ ಕಟ್ಟುತ್ತದೆ, ಅದರಲ್ಲಿ ಅವನಿಗೂ ಪಾಲು. ವ್ಯವಹಾರದಲ್ಲಿ ಅಪ್ಪ ಮತ್ತು ನಾನು ಪಾಲುದಾರರು, ನನಗೆ ತಿಂಗಳ ಸಂಬಳ. ಮನೆ ಖರ್ಚಿಗೆ ಗಲ್ಲಾಪೆಟ್ಟಿಗೆಗೆ ಯಾರೂ ಕೈ ಹಾಕುವುದಿಲ್ಲ.

ಶಾಲೆ ಆರ್ಡರ್ ಮುಗಿದ ಮೇಲೆ ಮೂವರೂ ಕೂತು ವರ್ಷದ ಲೆಕ್ಕ ನೋಡುತ್ತೇವೆ. ಈ ಸಲ ಅಪ್ಪನಿಗೆ ಹೊಲಿಗೆ ಉಬ್ಬದಂತೆ ಚಪ್ಪಟೆಯಾಗಿ ಕೂರಿಸುವ ಇನ್ನೊಂದು ಫ್ಲಾಟ್‌ಲಾಕ್ ಮಷಿನ್ ಬೇಕು. ನನಗೆ ನಮ್ಮ ಮಾಸ್ಟರರ ಪ್ಯಾಟರ್ನ್‌ಗಳೆಲ್ಲ ಕಂಪ್ಯೂಟರಿಗೆ ಹೋಗಬೇಕು. ಖರ್ಚು ಎರಡರಲ್ಲಿ ಒಂದಕ್ಕೇ ಆಗುವುದು, ಮಾತುಕತೆ ನಡೆದಿದೆ.