ಪ್ರೊಜೆಕ್ಟರ್ ಆರಿದರೂ ಲ್ಯಾಪ್‌ಟಾಪ್ ಕದಲದಿರಲು ಒಂದು ಪುಟ್ಟ ಬೋರ್ಡ್

ಮಳೆಗಾಲದಲ್ಲಿ ಉಡುಪಿಯ ಸಭಾಂಗಣಗಳಲ್ಲಿ ಕರೆಂಟು ಹೋಗಿ ಜನರೇಟರ್ ಚಾಲೂ ಆಗುವಷ್ಟರಲ್ಲಿ ಪ್ರೊಜೆಕ್ಟರ್ ಆರುತ್ತದೆ. ಎಚ್‌ಡಿಎಂಐ ಕೇಬಲಿನ 19ನೇ ಪಿನ್, ಅಂದರೆ ಪರದೆ ಜೋಡಿಸಿದೆ ಎಂದು ಲ್ಯಾಪ್‌ಟಾಪಿಗೆ ತಿಳಿಸುವ ಹಾಟ್‌ಪ್ಲಗ್, ಸೊನ್ನೆಗಿಳಿಯುತ್ತದೆ. ಹೊರಗಿನ ಪರದೆ ಹೋಯಿತೆಂದು ಲ್ಯಾಪ್‌ಟಾಪ್ ವಿಂಡೋಗಳನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಪ್ರೊಜೆಕ್ಟರ್ ಹೊತ್ತಿಕೊಂಡ ಮೇಲೂ 15 ಮೀಟರ್ ಕೇಬಲಿನಲ್ಲಿ ಇಡಿಐಡಿ (ತನಗೆ ಯಾವ ಚಿತ್ರ, ಧ್ವನಿ ಹೊಂದುತ್ತದೆಂದು ಪರದೆ ಹೇಳುವ ಮಾಹಿತಿ) ಸರಿಯಾಗಿ ಓದಲಾಗದಿದ್ದರೆ ಚಿತ್ರ 1024×768ಕ್ಕೆ ಬೀಳುತ್ತದೆ.

ಇದಕ್ಕೆ ನಾನು ಲ್ಯಾಪ್‌ಟಾಪ್ ಬದಿಯಲ್ಲೇ, ಪ್ರೊಜೆಕ್ಟರಿನ ಬದಲು ತಾನೇ ಇಡಿಐಡಿ ಕೊಡುವಂತೆ, ಎಸ್‌ಟಿಎಂ32ಎಫ್103 ಎಂಬ ಪುಟ್ಟ ಪ್ರೊಸೆಸರ್ ಚಿಪ್ ಇರುವ ಬೋರ್ಡ್ ಕೂರಿಸಿದೆ. ಚಿತ್ರದ ನಾಲ್ಕು ಜೋಡಿ ಟಿಎಂಡಿಎಸ್ ತಂತಿಗಳನ್ನು ಮುಟ್ಟಬಾರದು. ಅವು 100 ಓಮ್ ಜೋಡಿಗಳಾಗಿ ಬೋರ್ಡಿನಲ್ಲಿ ನೇರ ಸಾಗಲಿ. ಪ್ರೊಜೆಕ್ಟರಿನಿಂದ ಕತ್ತರಿಸಿ ಪ್ರೊಸೆಸರಿಗೆ ಕೊಡುವುದು 15, 16, 19ನೇ ಪಿನ್‌ಗಳನ್ನು ಮಾತ್ರ. ಇಡಿಐಡಿ ಓದುವ ತಂತಿಗಳಾದ 15, 16ರಲ್ಲಿ 5 ವೋಲ್ಟ್ ಇರುತ್ತದೆ. ಚಿಪ್‌ನ ಪಿಬಿ6, ಪಿಬಿ7 ಪಿನ್‌ಗಳು ಅದನ್ನು ತಾಳುತ್ತವೆ, ಹಾಗಾಗಿ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಬೇಡ.

ಹಾಟ್‌ಪ್ಲಗ್ಗನ್ನು 1 ಕಿಲೋಓಮ್ ಮೂಲಕ ಲ್ಯಾಪ್‌ಟಾಪ್ ಕೊಡುವ 18ನೇ ಪಿನ್ನಿನ 5 ವೋಲ್ಟಿಗೆ ಏರಿಸಿ, ಸ್ವಿಚ್ಚಿನಂತೆ ಕೆಲಸ ಮಾಡುವ 2ಎನ್7002 ಮಾಸ್ಫೆಟ್‌ನಿಂದ ಕೆಳಗೆಳೆಯಬೇಕು. ಮಾಸ್ಫೆಟ್‌ನ ಗೇಟಿಗೂ ಅದೇ 5 ವೋಲ್ಟಿನಿಂದ 10 ಕಿಲೋಓಮ್ ಪುಲ್‌ಅಪ್ ಕೊಡಿ, ಚಿಪ್‌ನ ಓಪನ್ ಡ್ರೇನ್ (ಕೆಳಗೆ ಮಾತ್ರ ಎಳೆಯುವ) ಪಿನ್ನಿನಿಂದ ನಡೆಸಿ. ಆಗ ಪ್ರೋಗ್ರಾಂ ಸಿದ್ಧವಾಗುವವರೆಗೆ ಹಾಟ್‌ಪ್ಲಗ್ ತಾನಾಗಿ ಕೆಳಗೇ ಇರುತ್ತದೆ. ಈ ಕ್ರಮ ತಪ್ಪಿದರೆ ಲ್ಯಾಪ್‌ಟಾಪ್ ಖಾಲಿ ಇಡಿಐಡಿ ಓದಿ ಅದನ್ನೇ ನಂಬಿ ಕೂರುತ್ತದೆ. ಹೊಸ ಇಡಿಐಡಿ ಓದಿಸಲು 100 ಮಿಲಿಸೆಕೆಂಡ್ ಕೆಳಗಿಟ್ಟರೆ ನಿಯಮಕ್ಕೆ ಸಾಕು. ನಾನು 500 ಇಡುತ್ತೇನೆ.

ಪ್ರೊಸೆಸರಿಗೆ ವಿದ್ಯುತ್ 18ನೇ ಪಿನ್ನಿನಿಂದ ಬೇಡ. ಅಲ್ಲಿ ಖಾತ್ರಿಯಿರುವುದು 55 ಮಿಲಿಆಂಪ್. ಆರಿರುವ ಪ್ರೊಜೆಕ್ಟರೇ 50ರವರೆಗೆ ಎಳೆಯಬಹುದು. ಯುಪಿಎಸ್ ಮೇಲಿರುವ 5 ವೋಲ್ಟ್ ಅಡಾಪ್ಟರ್ ಸಾಕು.

ಇಡಿಐಡಿಯನ್ನು ಚಿಕ್ಕ ಕೇಬಲಿನಲ್ಲಿ ಪ್ರೊಜೆಕ್ಟರಿನಿಂದಲೇ ಲಿನಕ್ಸಿಗೆ ಓದಿಸಿಕೊಂಡು, 1080ಪಿ 60 ಹರ್ಟ್ಸ್ ಮೊದಲ ಆಯ್ಕೆಯಾಗುವಂತೆ ತಿದ್ದಿ. ಪ್ರತಿ 128 ಬೈಟಿನ ಮೊತ್ತ 256ರಿಂದ ಭಾಗವಾಗಲೇಬೇಕು. ಕೊನೆಯ ಬೈಟ್ ಇರುವುದೇ ಅದಕ್ಕೆ. ಆಡಿಯೋ ಭಾಗ ಅಳಿಸಿಹೋದರೆ ಪ್ರೊಜೆಕ್ಟರಿಗೆ ಧ್ವನಿ ತಲುಪುವುದಿಲ್ಲ. 15, 16ರಲ್ಲಿ ಮಾತಾಡುವ ಐ2ಸಿ ಪದ್ಧತಿಯಲ್ಲಿ ಇಡಿಐಡಿಯ ವಿಳಾಸ 0x50. ಉತ್ತರ ತಡವಾದರೆ ಚಿಪ್ ಗಡಿಯಾರದ ತಂತಿಯನ್ನು ಹಿಡಿದಿಡುತ್ತದೆ, ಕೆಲವು ಲ್ಯಾಪ್‌ಟಾಪ್‌ಗಳು ಅದನ್ನು ಸಹಿಸುವುದಿಲ್ಲ. ಆದ್ದರಿಂದ 256 ಬೈಟನ್ನೂ ರ‍್ಯಾಮ್‌ನಲ್ಲಿಡಿ, ಐ2ಸಿ ಇಂಟರಪ್ಟಿಗೇ ಮೊದಲ ಆದ್ಯತೆ ಕೊಡಿ.

ನಕಲು ತಡೆಯುವ ಎಚ್‌ಡಿಸಿಪಿಯ ಮಾತುಕತೆಯೂ ಇದೇ ತಂತಿಗಳಲ್ಲಿ ನಡೆಯುವುದರಿಂದ ರಕ್ಷಿತ ಚಲನಚಿತ್ರಗಳು ಇದರಲ್ಲಿ ಕಾಣವು. ಸ್ಲೈಡು, ಯಕ್ಷಗಾನದ ನೇರಪ್ರಸಾರಕ್ಕೆ ಅಡ್ಡಿಯಿಲ್ಲ. ಕಡಲ ಉಪ್ಪುಗಾಳಿಗೆ ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತೆಳು ರಕ್ಷಣಾ ಲೇಪ) ಹಚ್ಚಿ, ಆದರೆ ಕನೆಕ್ಟರಿಗೆ ಮೊದಲು ಟೇಪ್ ಸುತ್ತಿ.