ಯುಗಾದಿಯಿಂದ ದೀಪಾವಳಿವರೆಗೆ ಬೇಸ್‌ಬಾಲ್: ಬೇ ಏರಿಯಾಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಡ್ರೈವಿಂಗ್ ಲೈಸೆನ್ಸು, ಸೋಷಿಯಲ್ ಸೆಕ್ಯುರಿಟಿ ನಂಬರು, ಮಕ್ಕಳ ಲಸಿಕೆ ಕಾರ್ಡು ಇವನ್ನೆಲ್ಲ ಹೇಳಿಕೊಡೋಕೆ ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಹತ್ತು ಜನ ಸಿಗುತ್ತಾರೆ, ಅವರನ್ನೇ ಕೇಳಿ. ಯಾರೂ ಹೇಳಿಕೊಡದ ಒಂದು ವಿಷಯ ಇದೆ. ಮಾರ್ಚ್ ಕೊನೆಯಿಂದ ಹೆಚ್ಚುಕಡಿಮೆ ನವೆಂಬರ್‌ವರೆಗೆ ಆಫೀಸಿನ ಊಟದ ಮೇಜಿನಲ್ಲಿ, ಶಾಲೆಯ ಗೇಟಿನಲ್ಲಿ, ಎದುರುಮನೆಯವರ ಗ್ಯಾರೇಜಿನ ರೇಡಿಯೊದಲ್ಲಿ ನಡೆಯುವ ಮಾತು ಬೇಸ್‌ಬಾಲಿನದು. ಆ ಮಾತು ತಿಳಿಯದೆ ಇಲ್ಲಿ ಇಪ್ಪತ್ತು ವರ್ಷ ಬದುಕಬಹುದು, ಬದುಕಿದವರೂ ಇದ್ದಾರೆ. ಆದರೆ ಮಕ್ಕಳಿಗೆ ಏಳೆಂಟು ವರ್ಷ ಆಗುವಷ್ಟರಲ್ಲಿ ಮನೆಯೊಳಗೇ ನೀವು ಹೊರಗಿನವರಾಗುತ್ತೀರಿ. ಅದಕ್ಕೇ ಈ ಬರಹ.

ಮೊದಲ ವಾರವೇ "ಇದಕ್ಕಿಂತ ನಮ್ಮ ಕ್ರಿಕೆಟ್ ವಾಸಿ" ಅಂತ ಷರಾ ಬರೆದುಬಿಡಬೇಡಿ. ನಾವೆಲ್ಲ ಬರೆದವರೇ, ಯಾರಿಗೂ ಅದರಿಂದ ಮೂರು ಕಾಸಿನ ಲಾಭ ಆಗಲಿಲ್ಲ. "ಹೋಮ್ ರನ್ ಅಂದ್ರೆ ಸಿಕ್ಸರ್ ಅಲ್ವಾ" ಅನ್ನುವ ಪ್ರಶ್ನೆಗೂ ಇಲ್ಲಿನವರು ನಗುನಗುತ್ತಲೇ ತಲೆಯಾಡಿಸುತ್ತಾರೆ, ಆಮೇಲೆ ಮಾತು ಹವಾಮಾನದ ಕಡೆ ತಿರುಗುತ್ತದೆ.

ನಮ್ಮ ಪಂಚಾಂಗಕ್ಕೆ ಈ ಆಟ ಚೆನ್ನಾಗಿ ಹೊಂದುತ್ತದೆ. ಯುಗಾದಿಯ ಆಸುಪಾಸು ಸೀಸನ್ ಶುರು. ಗಣೇಶನ ಹಬ್ಬದ ಹೊತ್ತಿಗೆ ಯಾರಿಗೆ ಪ್ಲೇಆಫ್ ಅನ್ನುವ ಲೆಕ್ಕಾಚಾರ ಕಾವೇರಿರುತ್ತದೆ. ನವರಾತ್ರಿಯ ಹೊತ್ತಿಗೆ ಪ್ಲೇಆಫ್, ದೀಪಾವಳಿಯ ಆಚೀಚೆ ವರ್ಲ್ಡ್ ಸೀರೀಸ್ ಅನ್ನುವ ಫೈನಲ್. ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ 30 ತಂಡ, ಎರಡು ಲೀಗು, ಒಂದೊಂದರಲ್ಲಿ ಮೂರು ಡಿವಿಷನ್. 2022ರಿಂದ 12 ತಂಡಗಳಿಗೆ ಪ್ಲೇಆಫ್ ಸಿಗುತ್ತದೆ. ಪ್ರತಿ ತಂಡ ಆಡುವುದು 162 ಪಂದ್ಯ. ಆರು ತಿಂಗಳಲ್ಲಿ 162 ಅಂದರೆ ಸರಿಸುಮಾರು ದಿನಾ ಆಟ.

ಈ 162ನ್ನು ಅರಗಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಭಾರತ ಸೋತ ರಾತ್ರಿ ಊಟ ಬಿಟ್ಟು ಮಲಗಿದವರು ನಾವು. ಇಲ್ಲಿ ಅತ್ಯುತ್ತಮ ತಂಡವೂ ಅರವತ್ತು ಚಿಲ್ಲರೆ ಪಂದ್ಯ ಸೋಲುತ್ತದೆ. ಆ ವ್ರತ ಹಿಡಿದರೆ ವರ್ಷದ ಏಕಾದಶಿಗಳನ್ನೆಲ್ಲ ಮೀರಿಸುತ್ತೀರಿ. ತೀರಾ ಕೆಟ್ಟ ತಂಡವೂ ಗೆಲ್ಲುತ್ತದೆ. 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ 121 ಪಂದ್ಯ ಸೋತು ಆಧುನಿಕ ಕಾಲದ ದಾಖಲೆ ಬರೆಯಿತು, ಆದರೂ 41 ಗೆದ್ದಿತ್ತು. ಆದ್ದರಿಂದ ಪ್ರತಿ ಪಂದ್ಯವನ್ನೂ ಕೂತು ನೋಡುವ ಹಠ ಬೇಡ. ಬೆಳಿಗ್ಗೆ ಕಾಫಿ ಜೊತೆ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಪಟ್ಟಿ), ಸಂಜೆ ಕಾರಿನಲ್ಲಿ ರೇಡಿಯೊ, ವಾರಕ್ಕೊಮ್ಮೆ ಟೀವಿ ಮುಂದೆ ಪೂರ್ತಿ ಪಂದ್ಯ, ಇಷ್ಟು ಸಾಕು. ಸ್ಯಾನ್ ಫ್ರಾನ್ಸಿಸ್ಕೊ ತಂಡ ಜೈಂಟ್ಸ್‌ನ ಪಂದ್ಯಗಳು ಕೆಎನ್‌ಬಿಆರ್ 680ರಲ್ಲಿ ಬರುತ್ತವೆ. ಜಾನ್ ಮಿಲ್ಲರ್ ಕಾಮೆಂಟರಿ ಕೇಳುತ್ತಾ 880 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ನಿಂತರೆ, ಅಪ್ಪನ ಟ್ರಾನ್ಸಿಸ್ಟರ್‌ಗೆ ಕಿವಿಯಿಟ್ಟು ಬೆಳೆದವರಿಗೆ ಏನನಿಸುತ್ತದೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಲೀಗಿನ ಆ್ಯಪಿಗೆ ವರ್ಷದ ಚಂದಾ ಕಟ್ಟುವ ಮೊದಲು ಬ್ಲ್ಯಾಕ್‌ಔಟ್ ನಿಯಮ ಓದಿ: ನೀವಿರುವ ಊರಿನ ತಂಡದ ಪಂದ್ಯ ಸಾಮಾನ್ಯವಾಗಿ ಅದರಲ್ಲಿ ನೇರವಾಗಿ ಬರುವುದಿಲ್ಲ.

ಏಪ್ರಿಲ್ ತಿಂಗಳಲ್ಲಿ ಬಾಯಿ ಮುಚ್ಚಿಕೊಂಡಿರಿ. ಇದನ್ನು ನಾನು ಬೆಲೆ ತೆತ್ತು ಕಲಿತಿದ್ದು. ಒಬ್ಬ ಬ್ಯಾಟರ್ ಮೊದಲ ಮೂರು ವಾರ ತಡಕಾಡುತ್ತಿದ್ದ. ಊಟದ ಮೇಜಿನಲ್ಲಿ "ಇವನ ಕಥೆ ಮುಗೀತು" ಅಂತ ತೀರ್ಪು ಕೊಟ್ಟೆ. ಎದುರಿಗಿದ್ದ ಹಿರಿಯರು ತಲೆಯೆತ್ತದೆ "ಎಷ್ಟು ಅಟ್-ಬ್ಯಾಟ್ (ಬ್ಯಾಟಿಂಗ್ ಸರದಿ) ಆಗಿದೆ?" ಅಂದರು, ಸ್ಯಾಂಡ್‌ವಿಚ್ ಮುಂದುವರಿಸಿದರು. ಸೆಪ್ಟೆಂಬರಿನಲ್ಲಿ ಅದೇ ಬ್ಯಾಟರ್ ತಂಡಕ್ಕೆ ಆಧಾರ. ನನ್ನ ತೀರ್ಪನ್ನು ಆ ಮೇಜಿನಲ್ಲಿ ಒಬ್ಬರೂ ಮರೆತಿರಲಿಲ್ಲ. ಈಗ ನಾನು ಮೊದಲು ನೋಡುವುದು, ಅವನು ಹೊಡೆದು ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ (ಔಟಾಗದೆ ಬೇಸ್ ತಲುಪಿಸಿದ ಹೊಡೆತ) ಆದವು ಅಂತ. ಲೀಗಿನ ಸರಾಸರಿ ಸುಮಾರು .300 ಇರುತ್ತದೆ. ಒಬ್ಬನದು .200 ಇದ್ದರೆ ಬಹಳ ಸಲ ಅದು ಹಣೆಬರಹ, ಕೈಗುಣ ಕೆಟ್ಟಿದ್ದಲ್ಲ. ತಂಡಕ್ಕೂ ಇಂಥದ್ದೊಂದು ಲೆಕ್ಕ ಇದೆ. ಗಳಿಸಿದ ರನ್ನುಗಳ ವರ್ಗ ತೆಗೆದುಕೊಳ್ಳಿ, ಅದನ್ನು ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿ, ಬಂದದ್ದೇ ಆ ತಂಡ ಗೆಲ್ಲಬೇಕಾದ ಪಂದ್ಯಗಳ ಪಾಲು. 800 ರನ್ ಗಳಿಸಿ 700 ಬಿಟ್ಟುಕೊಟ್ಟ ತಂಡ 162ರಲ್ಲಿ ಸುಮಾರು 92 ಗೆಲ್ಲಬೇಕು. 84 ಮಾತ್ರ ಗೆದ್ದಿದ್ದರೆ ಅದೃಷ್ಟ ಕೈಕೊಟ್ಟಿದೆ ಅಂತ ಧೈರ್ಯವಾಗಿ ವಾದಿಸಿ. ಈ ಸೂತ್ರ ಕೊಟ್ಟ ಬಿಲ್ ಜೇಮ್ಸ್ ಆಗ ಕ್ಯಾನ್ಸಸ್‌ನ ಒಂದು ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರ. ಪಾಳಿಯಲ್ಲಿ ಕೂತು ಲೆಕ್ಕ ಹಾಕಿದವನನ್ನು ಕೊನೆಗೆ ಬಾಸ್ಟನ್ ರೆಡ್ ಸಾಕ್ಸ್ ಕರೆದು ಕೆಲಸ ಕೊಟ್ಟಿತು.

ಬಾಕ್ಸ್ ಸ್ಕೋರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಅದನ್ನು ರೂಪಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ ಹುಡುಗನಾಗಿದ್ದಾಗ ಇಲ್ಲಿಗೆ ಬಂದವರು, ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಕ್ರಿಕೆಟ್ ಸ್ಕೋರ್ ಕಾರ್ಡಿನ ಅಭ್ಯಾಸವನ್ನೇ 19ನೇ ಶತಮಾನದ ಈ ಹೊಸ ಆಟಕ್ಕೆ ತಂದರು. ಹಾಗಾಗಿ ವಲಸೆ ಬಂದ ಕ್ರಿಕೆಟ್ ಹುಚ್ಚರು ಈ ಆಟಕ್ಕೆ ಹೊಸಬರೇನಲ್ಲ. ಒಬ್ಬ ಬ್ಯಾಟರ್ ಹೆಸರಿನ ಮುಂದೆ 4 1 2 1 0 1 ಅಂತ ಇದ್ದರೆ ನಾಲ್ಕು ಅಟ್-ಬ್ಯಾಟ್, ಒಂದು ರನ್, ಎರಡು ಹಿಟ್, ಬೇರೆಯವರನ್ನೋ ತನ್ನನ್ನೋ ಮನೆ ಸೇರಿಸಿದ್ದು (ಆರ್‌ಬಿಐ) ಒಂದು, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಇಲ್ಲ, ಒಂದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್, ಗುರುತು 'ಕೆ'). ಸ್ವಂತ ಕೈಯಲ್ಲಿ ಸ್ಕೋರ್ ಬರೆಯುವುದು ಇನ್ನೂ ಚೆಂದ. ಪ್ರತಿ ಜಾಗಕ್ಕೂ ಸಂಖ್ಯೆ ಇದೆ: ಚೆಂಡೆಸೆಯುವ ಪಿಚರ್ 1, ಅದನ್ನು ಹಿಡಿಯುವ ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ 6. ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಆದರೆ 6-4-3 ಅಂತ ಗೀಚುತ್ತಾರೆ. ಚೆಂಡು ಯಾರಿಂದ ಯಾರಿಗೆ ಹೋಯಿತು ಅನ್ನುವುದು ಅಷ್ಟರಲ್ಲೇ ಬಂತು. ನನ್ನ ಮಗಳು ಇದನ್ನು ಎರಡನೇ ಕ್ಲಾಸಿನಲ್ಲಿ ಸ್ನೇಹಿತೆಯ ಅಜ್ಜನಿಂದ ಕಲಿತಳು. ಬ್ಯಾಟ್ ಬೀಸದೆ ನಿಂತು ಔಟಾದವನಿಗೆ 'ಕೆ' ಅಕ್ಷರವನ್ನು ತಿರುಗಿಸಿ ಬರೆಯಬೇಕು ಅಂತ ನನಗೆ ತಿದ್ದಿದವಳು ಅವಳೇ. ಅಜ್ಜ ಮೊಮ್ಮಕ್ಕಳಿಗೆ ಕಲಿಸುವ ವಿದ್ಯೆ ಇದು. ನಮ್ಮ ಮಕ್ಕಳ ಅಜ್ಜಂದಿರು ಹಾಸನದಲ್ಲೋ ದಾವಣಗೆರೆಯಲ್ಲೋ ವಾಟ್ಸಾಪ್ ವಿಡಿಯೊದ ಆಚೆ ಇರುತ್ತಾರೆ.

ಇನ್ನು ವಾದಗಳು. ಇಲ್ಲಿಯ ದೊಡ್ಡ ಜಗಳ ನಮಗೆ ಹುಟ್ಟಿನಿಂದ ಗೊತ್ತಿರುವ ಜಗಳವೇ. ಗವಾಸ್ಕರ್ ಟೆಸ್ಟ್ ಸರಾಸರಿ 51.12, ನಮ್ಮ ವಿಶಿಯದು 41.93. ಆದರೂ 1975ರ ಮದ್ರಾಸಿನ ಔಟಾಗದ 97 ನೋಡಿದವರ ಮುಂದೆ, ವಿಶಿ ಶತಕ ಹೊಡೆದ ಟೆಸ್ಟನ್ನು ಭಾರತ ಸೋತಿಲ್ಲ ಅಂತ ಬಾಯಿಪಾಠ ಮಾಡಿದವರ ಮುಂದೆ, ಸರಾಸರಿಯ ಮಾತೆತ್ತಿ ನೋಡಿ. ಇಲ್ಲಿ ಅದೇ ಜಗಳ ವಾರ್ ಅನ್ನುವ ಅಂಕಿಯ ಸುತ್ತ ನಡೆಯುತ್ತದೆ. ಕೆಳಹಂತದ ಮೈನರ್ ಲೀಗಿನಿಂದ ನಾಳೆ ಬೆಳಿಗ್ಗೆ ಕರೆತರಬಹುದಾದ ಸಾಧಾರಣ ಆಟಗಾರನಿಗಿಂತ ಇವನು ಎಷ್ಟು ಗೆಲುವು ಹೆಚ್ಚಿಗೆ ತಂದ ಅನ್ನುವುದೇ ವಾರ್. 2012ರಲ್ಲಿ ಡೆಟ್ರಾಯ್ಟಿನ ಮಿಗೆಲ್ ಕಬ್ರೆರಾ .330 ಸರಾಸರಿ (ಸಾವಿರ ಅಟ್-ಬ್ಯಾಟಿಗೆ 330 ಹಿಟ್), 44 ಹೋಮ್ ರನ್, 139 ಆರ್‌ಬಿಐ ಮಾಡಿ, ಮೂರರಲ್ಲೂ ತನ್ನ ಲೀಗಿಗೆ ಮೊದಲಿಗನಾಗಿ 1967ರ ನಂತರದ ಮೊದಲ ಟ್ರಿಪಲ್ ಕ್ರೌನ್ ಗೆದ್ದ. ವಾರ್ ಲೆಕ್ಕದಲ್ಲಿ ಮಾತ್ರ ಏಂಜಲ್ಸ್‌ನ ಹೊಸ ಹುಡುಗ ಮೈಕ್ ಟ್ರೌಟ್ ಬಹಳ ಮುಂದಿದ್ದ. ವರ್ಷದ ಅತ್ಯಮೂಲ್ಯ ಆಟಗಾರನನ್ನು ಆರಿಸುವ ಎಂವಿಪಿ ಮತದಲ್ಲಿ ಕಬ್ರೆರಾಗೆ 22 ಮೊದಲ ಸ್ಥಾನ, ಟ್ರೌಟ್‌ಗೆ 6. ಅಂದು ಎರಡು ಬಣವಾದ ಜನ ಇನ್ನೂ ಒಂದಾಗಿಲ್ಲ. 2025ರಲ್ಲಿ ಮತ್ತೆ ಹೊತ್ತಿಕೊಂಡಿತು. ಕ್ಯಾಚರ್ ಆಗಿದ್ದುಕೊಂಡೇ 60 ಹೋಮ್ ರನ್ ಹೊಡೆದ ಸಿಯಾಟಲ್‌ನ ಕ್ಯಾಲ್ ರಾಲಿ ಒಂದು ಕಡೆ, .331 ಸರಾಸರಿಯ ಯಾಂಕೀಸ್‌ನ ಏರನ್ ಜಡ್ಜ್ ಇನ್ನೊಂದು ಕಡೆ. 17-13ರಲ್ಲಿ ಜಡ್ಜ್ ಗೆದ್ದ. ದಿನಾ ನೂರಾರು ಸಲ ಕುಕ್ಕರಗಾಲಲ್ಲಿ ಕೂರುವ ಕ್ಯಾಚರನ ಮಂಡಿನೋವು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ನನ್ನ ಓಟು ರಾಲಿಗೆ ಇತ್ತು. ಒಂದು ಉಪಾಯ ಹೇಳುತ್ತೇನೆ: ಯಾರಾದರೂ ಪಿಚರನೊಬ್ಬನ ವಾರ್ ಹೇಳಿ ನಿಮ್ಮ ಬಾಯಿ ಮುಚ್ಚಿಸಲು ಬಂದರೆ, ಯಾವ ಸೈಟಿನದು ಅಂತ ಕೇಳಿ. ಬೇಸ್‌ಬಾಲ್ ರೆಫರೆನ್ಸ್ ಅವನು ಬಿಟ್ಟುಕೊಟ್ಟ ರನ್ನಿನಿಂದ ಲೆಕ್ಕ ಹಾಕುತ್ತದೆ. ಫ್ಯಾನ್‌ಗ್ರಾಫ್ಸ್ ಅವನ ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ನೋಡುತ್ತದೆ. ಎರಡರ ಉತ್ತರ ಎಷ್ಟೋ ಸಲ ಬೇರೆ ಬೇರೆ.

ಹಳೆಯ ಅಂಕಿಗಳೂ ಕದಲುತ್ತವೆ. ಬ್ಯಾಟಿಂಗ್ ಸರಾಸರಿಯ ಜೀವಮಾನ ದಾಖಲೆ ಟೈ ಕಾಬ್‌ನದು ಅಂತ ನಾವು ಕಲಿತಿದ್ದೆವು. 2024ರ ಮೇ ತಿಂಗಳಲ್ಲಿ ಕಪ್ಪು ಆಟಗಾರರ ನೀಗ್ರೋ ಲೀಗುಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿದರು, ಮೊದಲ ಸ್ಥಾನ .372ರ ಜಾಶ್ ಗಿಬ್ಸನ್‌ಗೆ ಹೋಯಿತು. ಚರ್ಮದ ಬಣ್ಣದ ಕಾರಣಕ್ಕೆ ಮೇಜರ್ ಲೀಗಿನಲ್ಲಿ ಒಂದು ಪಂದ್ಯವೂ ಆಡಲಾಗದೆ 1947ರ ಜನವರಿಯಲ್ಲಿ ತೀರಿಕೊಂಡವನು ಆತ. ಅದೇ ವರ್ಷ ಏಪ್ರಿಲ್ 15ಕ್ಕೆ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಆ ಬಣ್ಣದ ಗೋಡೆ ಒಡೆದು, 42ನೇ ನಂಬರಿನ ಅಂಗಿ ತೊಟ್ಟು ಬ್ರೂಕ್ಲಿನ್ ಪರ ಮೈದಾನಕ್ಕಿಳಿದ. ಈಗ ಪ್ರತಿ ಏಪ್ರಿಲ್ 15ರಂದು ಎಲ್ಲ ಆಟಗಾರರ ಬೆನ್ನ ಮೇಲೂ 42. ಯಾಕೆ ಅಂತ ಮಕ್ಕಳು ಕೇಳುತ್ತಾರೆ, ಉತ್ತರ ಓದಿಟ್ಟುಕೊಳ್ಳಿ.

ಜುಲೈ ಕೊನೆಯ ಆಸುಪಾಸು ಟ್ರೇಡ್ ಡೆಡ್‌ಲೈನ್, ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ದಿನ. ನಿನ್ನೆಯ ನಮ್ಮವನು ಇವತ್ತು ಎದುರು ತಂಡದವನು. ಈ ಕಾರಣಕ್ಕೆ ಮಕ್ಕಳಿಗೆ ಆಟಗಾರನ ಹೆಸರಿರುವ ಜೆರ್ಸಿ ಕೊಡಿಸಬೇಡಿ. ಮಗಳಿಗೆ ಮ್ಯಾಟ್ ಚಾಪ್‌ಮನ್ ಹೆಸರಿನ ಓಕ್‌ಲ್ಯಾಂಡ್ ಜೆರ್ಸಿ ಕೊಡಿಸಿದ್ದೆ. 2022ರ ಮಾರ್ಚಿನಲ್ಲಿ ಮ್ಯಾಟ್ ಓಲ್ಸನ್‌ನನ್ನು ಅಟ್ಲಾಂಟಾಗೆ, ಎರಡೇ ದಿನದಲ್ಲಿ ಚಾಪ್‌ಮನ್‌ನನ್ನು ಟೊರೊಂಟೊಗೆ ಸಾಗಿಸಿಬಿಟ್ಟರು. 2024ಕ್ಕೆ ಚಾಪ್‌ಮನ್ ಬೇ ಏರಿಯಾಗೆ ಮರಳಿ ಬಂದ, ಆದರೆ ಕೊಲ್ಲಿಯ ಆಚೆ ದಡದ ಜೈಂಟ್ಸ್‌ಗೆ. ಆ ಜೆರ್ಸಿಯನ್ನು ಏನು ಮಾಡಬೇಕು ಅನ್ನುವ ಪ್ರಶ್ನೆ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ವಿಷಯ ಬಂತಲ್ಲ, ಅಲ್ಲಿಗೇ ಬರುತ್ತೇನೆ. ಫ್ರೀಮಾಂಟಿನವರಾದ ನಮಗೆ ಅದೇ ಹತ್ತಿರದ ತಂಡವಾಗಿತ್ತು. ಬಾರ್ಟ್ ರೈಲು ಹತ್ತಿದರೆ ನೇರ ಕೊಲಿಸಿಯಂ ಸ್ಟೇಷನ್, ಅಲ್ಲಿಂದ ಸೇತುವೆ ಮೇಲೆ ನಡೆದರೆ ಗೇಟು. ಟಿಕೆಟ್ ಅಗ್ಗ, ಡಬ್ಬಿಯಲ್ಲಿ ಪುಳಿಯೋಗರೆ. 2006ರಲ್ಲಿ ಫ್ರೀಮಾಂಟಿಗೇ ಬಂದು ಕ್ರೀಡಾಂಗಣ ಕಟ್ಟುತ್ತೇವೆ ಅಂತ ಘೋಷಿಸಿದ್ದರು. ಅಂಗಡಿಯವರು, ನಿವಾಸಿಗಳು ಟ್ರಾಫಿಕ್ಕಿನ ನೆಪ ಹೇಳಿ ವಿರೋಧಿಸಿದರು, 2009ರಲ್ಲಿ ಯೋಜನೆ ಬಿದ್ದುಹೋಯಿತು. ಆಗ "ಒಳ್ಳೇದೇ ಆಯ್ತು, ಪಾರ್ಕಿಂಗ್ ಗಲಾಟೆ ಇಲ್ಲ" ಅಂದವರಲ್ಲಿ ನಮ್ಮವರೂ ಇದ್ದರು. ಕೊನೆಗೆ ತಂಡ ಲಾಸ್ ವೇಗಸ್ ದಾರಿ ಹಿಡಿಯಿತು. 2023ರ ಜೂನ್ 13ರಂದು ಅಭಿಮಾನಿಗಳು ಬಹಿಷ್ಕಾರವನ್ನೇ ತಲೆಕೆಳಗು ಮಾಡಿ, 27,759 ಜನ ಬಂದು ಕೂತು ತಂಡ ಮಾರು ಅಂತ ಮಾಲೀಕರಿಗೆ ಕೂಗಿ ಹೇಳಿದರು. ಕೇಳಿಸಿಕೊಂಡವರು ಯಾರು? 2024ರ ಸೆಪ್ಟೆಂಬರ್ 26ರಂದು ಕೊನೆಯ ಪಂದ್ಯ. 46,889 ಜನರ ಮುಂದೆ ಟೆಕ್ಸಸ್ ವಿರುದ್ಧ 3-2ರ ಗೆಲುವು, 1968ರಿಂದ ನಡೆದಿದ್ದು ಅಲ್ಲಿಗೆ ಮುಗಿಯಿತು. ವೇಗಸ್ ಕ್ರೀಡಾಂಗಣ ಮುಗಿಯುವ ತನಕ ಈಗ ವೆಸ್ಟ್ ಸ್ಯಾಕ್ರಮೆಂಟೊದ ಮೈನರ್ ಲೀಗ್ ಮೈದಾನದಲ್ಲಿ ಆಡುತ್ತಾರೆ, ಹೆಸರು ಬರೀ ಅಥ್ಲೆಟಿಕ್ಸ್. ಇಲ್ಲಿನ ಫಾರ್ಮುಗಳಲ್ಲಿ ಊರಿನ ಇನಿಷಿಯಲ್ ಉದುರಿಹೋದ ನಮ್ಮ ಹೆಸರುಗಳ ಹಾಗೆ.

ಫಿಲಡೆಲ್ಫಿಯಾ, ಕ್ಯಾನ್ಸಸ್ ಸಿಟಿ, ಓಕ್‌ಲ್ಯಾಂಡ್, ಸ್ಯಾಕ್ರಮೆಂಟೊ: ಆ ತಂಡ ಎಲ್ಲೂ ನೆಲೆ ನಿಂತದ್ದಲ್ಲ, ನನಗೂ ಗೊತ್ತು. ಜೈಂಟ್ಸ್, ಡಾಡ್ಜರ್ಸ್ ಕೂಡ 1958ಕ್ಕೆ ನ್ಯೂಯಾರ್ಕ್ ಬಿಟ್ಟು ಬಂದವರೇ. ಊರು ಬಿಟ್ಟು ಬಂದ ನಾನು ಅವರನ್ನು ಬೈಯುವುದು ಯಾವ ನ್ಯಾಯ ಅಂತ ಹೆಂಡತಿ ಕೇಳುತ್ತಾಳೆ. ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಓಕ್‌ಲ್ಯಾಂಡಿನ ಕೊನೆಯ ಪಂದ್ಯದ ವಾರ ಎದುರುಮನೆಯವರು ಬೇಲಿಯ ಬಳಿ ನಿಂತು 1972, 73, 74ರ ಚಾಂಪಿಯನ್ ತಂಡಗಳ ಮಾತಾಡುತ್ತಾ ಕಣ್ಣೊರೆಸಿಕೊಂಡಾಗ, ಅವರು ನನಗೆ ವಿವರಿಸಿ ಹೇಳುತ್ತಿರಲಿಲ್ಲ, ತಮ್ಮವನೊಬ್ಬನ ಜೊತೆ ಹಂಚಿಕೊಳ್ಳುತ್ತಿದ್ದರು. ಇಷ್ಟು ವರ್ಷ ಅಂಕಿ ಬಾಯಿಪಾಠ ಮಾಡಿ ಸಿಗದ ಸಲಿಗೆ ಅದು.

ಮಗಳು ಈಗ ಡೇವಿಸ್‌ನಲ್ಲಿ ಓದುತ್ತಾಳೆ, ಸ್ಯಾಕ್ರಮೆಂಟೊ ಪಕ್ಕದಲ್ಲೇ. ಪಂದ್ಯಕ್ಕೆ ಹೋಗಿ ಫೋಟೊ ಕಳಿಸುತ್ತಾಳೆ. "ಆಟಗಾರರು ಏನು ತಪ್ಪು ಮಾಡಿದ್ದಾರೆ ಅಪ್ಪಾ?" ಅನ್ನುತ್ತಾಳೆ. ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಹೊಸಬರಾದ ನಿಮಗೆ ಈ ಹಳೆಯ ಮುನಿಸು ಯಾಕೆ? ಜೈಂಟ್ಸ್ ಹಿಡಿಯಿರಿ. ಅವರ ಮೈದಾನ ಆರಕಲ್ ಪಾರ್ಕಿನಲ್ಲಿ ಜುಲೈ ರಾತ್ರಿಯೂ ಚಳಿ, ಸ್ವೆಟರ್ ಒಯ್ಯಿರಿ. ಬೆಳ್ಳುಳ್ಳಿ ಫ್ರೈಸ್ ತಿನ್ನಿ, ಬದ್ಧವೈರಿ ಡಾಡ್ಜರ್ಸ್ ಬಂದಾಗ ಮಾತ್ರ ಅವರ ನೀಲಿ ಅಂಗಿ ಹಾಕಬೇಡಿ. ಚಳಿಗಾಲದಲ್ಲಿ ಕೋಟ್ಯಂತರ ಡಾಲರ್ ಒಪ್ಪಂದಗಳ ಸುದ್ದಿ, ಸಂಕ್ರಾಂತಿ ಕಳೆದ ಮೇಲೆ ಹಾಲ್ ಆಫ್ ಫೇಮ್ ಮತದಾನದ ಫಲಿತಾಂಶ. 762 ಹೋಮ್ ರನ್ ಹೊಡೆದ, ಉದ್ದೀಪನ ಮದ್ದಿನ ಆರೋಪವನ್ನೂ ಹೊತ್ತ ಜೈಂಟ್ಸ್‌ನ ಬ್ಯಾರಿ ಬಾಂಡ್ಸ್‌ಗೆ ಅಲ್ಲಿ ಜಾಗ ಕೊಡಬೇಕೋ ಬೇಡವೋ ಅಂತ ಸ್ಯಾನ್ ಫ್ರಾನ್ಸಿಸ್ಕೊದವರನ್ನು ಕೇಳುವಾಗ ಕೈಯಲ್ಲಿ ಒಂದು ಗಂಟೆ ಬಿಡುವಿರಲಿ. ಫೆಬ್ರವರಿ ಮಧ್ಯೆ ಪಿಚರುಗಳು, ಕ್ಯಾಚರುಗಳು ಅರಿಜೋನಾ ಸೇರುತ್ತಾರೆ. ಜೈಂಟ್ಸ್ ಸ್ಪ್ರಿಂಗ್ ಟ್ರೇನಿಂಗ್ (ಸೀಸನ್ನಿಗೆ ಮುಂಚಿನ ತಾಲೀಮು) ಅಲ್ಲಿನ ಸ್ಕಾಟ್ಸ್‌ಡೇಲ್‌ನಲ್ಲಿ. ಚಿಕ್ಕ ಮೈದಾನ, ಬಿಸಿಲು, ಮಕ್ಕಳಿಗೆ ಆಟಗಾರರು ಕೈಗೆಟುಕುವಷ್ಟು ಹತ್ತಿರ. ಹೋಗುವ ಮನಸ್ಸಿದ್ದರೆ ಹೋಟೆಲ್ ಮಾತ್ರ ಜನವರಿಯಲ್ಲೇ ಬುಕ್ ಮಾಡಿಬಿಡಿ.